ಎರಡು ಕೆಲಸಗಳ ನಡುವಿನ ಜಾಗ ಯಾರದು?

ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಓಣಿಗೆ ಕಾಂಕ್ರೀಟ್ ಹಾಕಿ ಗೋಣಿಚೀಲ ಹೊದಿಸಿದ್ದರು. ಹುಡುಗನೊಬ್ಬ ದಿನವೂ ಬಂದು ನೀರುಣಿಸುತ್ತಿದ್ದ. ಕಾಂಕ್ರೀಟ್ ಬಲಿಯಲು ಬೇಕಾದ 28 ದಿನ ತುಂಬುವ ಮೊದಲೇ ಬೇರೊಬ್ಬ ಗುತ್ತಿಗೆದಾರನ ಕಟರ್ ಯಂತ್ರ ಬಂದು ನಿಂತಿತು. ನೀರಿನ ಪೈಪ್ ಹಾಕಬೇಕಂತೆ. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು, "ಲಗ್ನ ಮುಗಿದ ಮೇಲೆ ಹಂದರ ಹಾಕುತ್ತಾರೇನಪ್ಪಾ?" ಎಂದರು.

ನನಗೆ ನಗು ಬರಲಿಲ್ಲ. ಹಲವು ಯೋಜನೆಗಳ ವೇಳಾಪಟ್ಟಿ ನೋಡಿಕೊಳ್ಳುವುದೇ ನನ್ನ ಕೆಲಸ. ಹಿಂದಿನ ವರ್ಷ ನಮ್ಮ ಸರ್ವೇ ತಂಡವನ್ನು ಒಂದೇ ವಾರದಲ್ಲಿ ಎರಡು ಯೋಜನೆಗಳು ನೆಚ್ಚಿಕೊಂಡಿದ್ದವು. ಇದ್ದದ್ದು ಒಂದೇ ತಂಡ, ನಾಲ್ಕೇ ಜನ. ಎರಡೂ ಪಟ್ಟಿಗಳಿಗೆ ಒಪ್ಪಿಗೆಯ ಸಹಿ ನನ್ನದೇ! ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿಯಾಗಿಯೇ ಇದ್ದವು.

1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯವರು ಬೆಳೆಸಿದ ಕ್ರಿಟಿಕಲ್ ಪಾತ್ ವಿಧಾನವನ್ನು ಇಂದಿಗೂ ಬಳಸುತ್ತೇವೆ. ಒಂದು ಯೋಜನೆಯೊಳಗೆ ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ಅದು ತೋರಿಸುತ್ತದೆ. ಆ ನಾಲ್ಕು ಜನ ಅದೇ ದಿನ ಇನ್ನೊಂದು ಸೈಟಿನಲ್ಲಿದ್ದಾರೆ ಎಂಬುದು ಅದಕ್ಕೆ ತಾನಾಗಿ ತಿಳಿಯದು.

ನಮ್ಮ ಓಣಿಯನ್ನೇ ನೋಡಿ. ಒಳಚರಂಡಿ ಹರಿಯುವುದು ಇಳಿಜಾರಿನಿಂದ, ಆದ್ದರಿಂದ ಅದರ ಆಳದಲ್ಲಿ ಚೌಕಾಸಿ ನಡೆಯುವುದಿಲ್ಲ. ನೀರಿನ ಪೈಪಿಗೆ ಒತ್ತಡವಿರುತ್ತದೆ, ಅದು ಮೇಲೇರಿ ಕೆಳಗಿಳಿದು ಹೋದೀತು. ಹಾಗಾಗಿ ಮೊದಲು ಚರಂಡಿ, ಅದರ ಮೇಲೆ ನೀರು, ಕೊನೆಗೆ ರಸ್ತೆ. ಇದು ಎಲ್ಲರಿಗೂ ಗೊತ್ತು. ಆದರೂ ಪಟ್ಟಿಯಲ್ಲಿ "ಪೈಪ್ ಮುಗಿದ ಮೇಲೆ ರಸ್ತೆ" ಎಂದಷ್ಟೇ ಬರೆದಿರುತ್ತೇವೆ. ಮುಗಿಯುವುದು ಎಂದರೇನು? ಪೈಪಿನವನಿಗೆ ಗುಂಡಿಯಲ್ಲಿ ಪೈಪ್ ಇಳಿದರೆ ಮುಗಿಯಿತು. ರಸ್ತೆಯವನಿಗೆ ಒತ್ತಡದ ಪರೀಕ್ಷೆ ಆಗಿರಬೇಕು, ಮನೆಗಳ ಸಂಪರ್ಕ ಕೊಟ್ಟಿರಬೇಕು, ಮಣ್ಣನ್ನು ಪದರಪದರವಾಗಿ ತುಂಬಿ ದಮ್ಮಸು ಮಾಡಿರಬೇಕು. ಅದರಲ್ಲೂ ನಮ್ಮದು ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅವಸರದಲ್ಲಿ ಮುಚ್ಚಿದ ಗುಂಡಿಯ ಮೇಲಿನ ರಸ್ತೆ ಮೊದಲ ಮಳೆಗಾಲದಲ್ಲೇ ಕುಸಿಯುತ್ತದೆ.

ಆದ್ದರಿಂದ ಒಂದು ಕೆಲಸ ಇನ್ನೊಂದನ್ನು ಅವಲಂಬಿಸಿದಾಗ, ಮುಗಿಯಿತು ಎನ್ನುವ ಷರತ್ತನ್ನು ಕೆಲಸ ಮುಗಿಸಿ ಕೊಡುವವನು ಬರೆಯಬಾರದು, ಅದನ್ನು ಪಡೆದು ಮುಂದುವರಿಸುವವನು ಬರೆಯಬೇಕು ಎಂಬುದು ನನ್ನ ಹಟ. ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ, ಯಾವ ದಿನ ಕೊಡುತ್ತಾರೆ ಎಂಬ ನಾಲ್ಕು ಅಂಕಣದ ಎಕ್ಸೆಲ್ ಹಾಳೆ ಸಾಕು. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಸಮನ್ವಯ ಸಭೆಯನ್ನಂತೂ ನಾನು ನಂಬುವುದಿಲ್ಲ. ಪೇಡೆ ತಿಂದು, ಚಹಾ ಕುಡಿದು, "ನಮ್ಮದೇನೂ ಬಾಕಿ ಇಲ್ಲ" ಎಂದು ಎಲ್ಲರೂ ಏಳುತ್ತಾರೆ. ಇಂದು ಈ ಕೆಲಸ ನಿಲ್ಲಲಿ, ಆ ಕೆಲಸ ಮುಂದೆ ಹೋಗಲಿ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇರುವುದಿಲ್ಲ. ನಮ್ಮಲ್ಲಿ ಆ ಅಧಿಕಾರವನ್ನು ಜಗಳವಾಡಿ ಪಡೆದುಕೊಂಡೆ. ಅಂದಿನಿಂದ ಕೆಲವರು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ.

ಮೊನ್ನೆ ಸೋಮವಾರ ಇಬ್ಬರು ಎಂಜಿನಿಯರುಗಳು ಮತ್ತೆ ಅದೇ ಸರ್ವೇ ತಂಡವನ್ನು ಒಂದೇ ದಿನಕ್ಕೆ ಕೇಳಿದ್ದಾರೆ. ಇಬ್ಬರಿಗೂ ತುರ್ತಂತೆ. ನಾನಿನ್ನೂ ಸಹಿ ಹಾಕಿಲ್ಲ.