ಬೀಜ ಇಲ್ಲದ ಸಂತ್ರಾ

ಚಳಿ ಶುರುವಾಯಿತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಂತ್ರಾ ಬಂಡಿಗಳದ್ದೇ ಕಾರುಬಾರು. ಒಂದು ಬಂಡಿಯಲ್ಲಿ ಸಿಪ್ಪೆ ಸಡಿಲಾದ ನಾಗಪುರದ ಹಣ್ಣು, ಪಕ್ಕದಲ್ಲಿ ಮಿರಮಿರ ಮಿಂಚುವ ಕಿನ್ನೋ. ಕಿನ್ನೋ ಪಂಜಾಬಿನದ್ದು ಅಂತಲೇ ಎಲ್ಲರೂ ತಿಳಿದಿರೋದು. ಅದರ ಹುಟ್ಟೂರು ಕ್ಯಾಲಿಫೋರ್ನಿಯಾ. 1915ರಲ್ಲಿ ಫ್ರಾಸ್ಟ್ ಎನ್ನುವವರು ಎರಡು ಜಾತಿ ಕೂಡಿಸಿದರು, ಬೆಳೆಗಾರರ ಕೈಗೆ ಸಿಕ್ಕಿದ್ದು 1935ರಲ್ಲಿ. ರಸಕ್ಕೆ, ರುಚಿಗೆ ಎರಡು ಮಾತಿಲ್ಲ. ಆದರೆ ಬೀಜ! ಒಂದು ಹಣ್ಣು ಮುಗಿಯುವಷ್ಟರಲ್ಲಿ ಅಂಗೈ ತುಂಬಿರುತ್ತೆ. ಮಾತಾಡುತ್ತಾ ತಿನ್ನುವ ಹಾಗಿಲ್ಲ.

ಬೀಜ ಉಗುಳೋದು ಅಂಥ ದೊಡ್ಡ ಕೆಲಸವೇನಲ್ಲ. ಆ ಸಣ್ಣ ಕೆಲಸ ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟು ದೊಡ್ಡ ಚಾಕರಿ ಮೈಮೇಲೆ ಎಳೆದುಕೊಳ್ಳುತ್ತಾನೆ ಅನ್ನೋದಕ್ಕೆ ನಮ್ಮ ಹಿತ್ತಲಿನ ಗಿಡವೇ ಸಾಕ್ಷಿ. ನರ್ಸರಿಯಿಂದ ಬಂದಾಗ ಅದರ ಕೊರಳಿಗೆ ಒಂದು ಚೀಟಿ ಇತ್ತು: 'ಸೀಡ್‌ಲೆಸ್ ಸಂತ್ರಾ'. ಯಾವ ಜಾತಿ ಅಂತ ಕೇಳಿದರೆ, "ಸೀಡ್‌ಲೆಸ್ ಅದ ಅಂತ ಬರ್ದಾದಲ್ರೀ!" ಅಂದರು. ಮುಂದೆ ಕೇಳುವುದೇನಿದೆ?

ತೊಗರಿಯ ಕಣಜ ನಮ್ಮ ಊರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಪಟ್ಟ ಬೇರೆ ಸಿಕ್ಕಿದೆ. ಬಿತ್ತೋದು ಬೀಜ, ಮಾರೋದು ಬೀಜ, ಊಟಕ್ಕೂ ಅದೇ. ಇಂಥಲ್ಲಿ ಬೀಜವೇ ಇಲ್ಲದ ಗಿಡ ಅಂದರೆ ಯಾರಿಗೆ ಅನುಮಾನ ಬರೋದಿಲ್ಲ? ಪಕ್ಕದ ಮನೆಯ ಕಾಕಾ ಕಂಪೌಂಡ್ ಮೇಲಿಂದ ಬಗ್ಗಿ ನೋಡಿದರು. "ಅಲ್ಲೋ ತಮ್ಮಾ, ಬೀಜಾನೇ ಇಲ್ಲಂದ್ರ ಈ ಗಿಡ ಹ್ಯಾಂಗ ಹುಟ್ಯಾದೋ?"

ನ್ಯಾಯವಾದ ಪ್ರಶ್ನೆ. ಬುಡದ ಹತ್ತಿರ ಕಾಂಡ ಸ್ವಲ್ಪ ಸೊಟ್ಟಗಿದೆ, ಒಂದು ಗಂಟಿದೆ. ಗಂಟಿನ ಮೇಲಿನದ್ದು ಸಂತ್ರಾ, ಕೆಳಗಿನದ್ದು ಜಂಬೇರಿ ಅನ್ನೋ ಒರಟು ನಿಂಬೆ. ಬೀಜ ಹಾಕಿ ಬೆಳೆಸಿದ ಜಂಬೇರಿ ಸಸಿಗೆ ಸಂತ್ರಾದ ಒಂದು ಕಣ್ಣು ಕೂಡಿಸಿ ಕಸಿ ಕಟ್ಟುತ್ತಾರೆ. ಅಂದರೆ ಬೀಜ ಇಲ್ಲದ ಗಿಡ ನಿಂತಿರೋದು ಬೀಜದಿಂದ ಬಂದ ಕಾಲಿನ ಮೇಲೆ. ಆ ಕಾಲಿಗೆ ಸೊಕ್ಕು ಜಾಸ್ತಿ. ಗಂಟಿನ ಕೆಳಗಿಂದ ಮುಳ್ಳಿನ ಚಿಗುರು ಭರಭರ ಏಳುತ್ತೆ. ಕಿತ್ತು ಹಾಕುತ್ತಲೇ ಇರಬೇಕು. ಸುಮ್ನೆ ಬಿಟ್ಟರೆ ಮೇಲಿನ ಸಂತ್ರಾ ಸೊರಗಿ, ಕಡೆಗೆ ಮನೆಯಲ್ಲಿ ಉಳಿಯೋದು ಜಂಬೇರಿ ಗಿಡ ಮಾತ್ರ.

ನಿಜವಾದ ಕಿರಿಕಿರಿ ಮಣ್ಣಿನದ್ದು. ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ಅಂಗಳಕ್ಕೆ ಶಹಾಬಾದ್ ಕಲ್ಲು, ಮಾಡಿನ ಕಪಾಟಿಗೂ ಅದೇ. ತಂಪಾಗಿರುತ್ತೆ, ಬಡಪಾಯಿಗೂ ಸಿಗುತ್ತೆ, ಅದರ ಬಗ್ಗೆ ನಮಗೆ ಹೆಮ್ಮೆ. ಅದು ಸುಣ್ಣಕಲ್ಲು. ವಾಡಿ, ಸೇಡಂ ಕಡೆ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿಗಳು ಎದ್ದಿರೋದು ಈ ಸುಣ್ಣದ ಮೇಲೆಯೇ. ಎರಿ ಮಣ್ಣಲ್ಲೂ ಸುಣ್ಣ, ಬೋರಿನ ನೀರಲ್ಲೂ ಸುಣ್ಣ. ನೀರು ಕಾಸುವ ಪಾತ್ರೆಯ ತಳ ನೋಡಿದರೆ ಸಾಕು. ಸಂತ್ರಾಕ್ಕೆ ಇದು ಆಗಿಬರೋದಿಲ್ಲ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತೆ, ಬೇರಿಗೆ ಬಿಟ್ಟುಕೊಡೋದಿಲ್ಲ. ಆಗ ಹೊಸ ಎಲೆ ಹಳದಿಯಾಗುತ್ತೆ. ಪೂರ್ತಿ ಹಳದಿಯಲ್ಲ. ನರಗಳು ಮಾತ್ರ ಹಸಿರಾಗೇ ಉಳಿದು, ನಕಾಶೆಯಲ್ಲಿ ಹೊಳೆ ಬರೆದ ಹಾಗೆ ಕಾಣುತ್ತೆ. ನೋಡೋಕೆ ಚೆಂದವೇ, ಗಿಡಕ್ಕೆ ಮಾತ್ರ ಹಸಿವು. ಬುಡಕ್ಕೆ ಕಬ್ಬಿಣದ ಉಪ್ಪು ಸುರಿದರೆ ಅದನ್ನೂ ಸುಣ್ಣ ನುಂಗುತ್ತೆ. ಅದಕ್ಕೇ ಎಲೆಗೆ ಸಿಂಪಡಿಸೋದು. ಸಂಜೆ ಹೊತ್ತು ಕೈಯಲ್ಲಿ ಪಂಪು ಹಿಡಿದು ಎಲೆಗಳಿಗೆ ಟಾನಿಕ್ ಕುಡಿಸುವುದು ನಮ್ಮ ಮನೆಯ ಕೆಲಸಗಳಲ್ಲಿ ಒಂದು.

ಎಲೆ ಹಸಿರಾದರೆ ಚಿಟ್ಟೆಗೆ ಸುದ್ದಿ ಮುಟ್ಟುತ್ತೆ. ಸಂತ್ರಾ, ನಿಂಬೆ, ಕರಿಬೇವು, ಬಿಲ್ವಪತ್ರೆ ಎಲ್ಲ ಒಂದೇ ಬಳಗ, ಈ ಚಿಟ್ಟೆಗೆ ಬಳಗದ ಪರಿಚಯ ಚೆನ್ನಾಗಿದೆ. ಎಳೇ ಹುಳ ಎಲೆಯ ಮೇಲೆ ಕೂತರೆ ಹಕ್ಕಿ ಹಿಕ್ಕೆ ಅಂತಲೇ ಅನ್ನಿಸಬೇಕು, ಹಾಗಿರುತ್ತೆ. ಬೆಳೆದ ಮೇಲೆ ಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿಂದ ಎರಡು ಕೊಂಬು ಚಾಚಿ ಘಾಟು ಬಿಡುತ್ತೆ. ಮಕ್ಕಳಿಗೆ ಇದೊಂದು ಆಟ. ನಾನು ಹುಳ ಹಿಡಿದು ಕರಿಬೇವಿಗೆ ಬಿಟ್ಟರೆ ಮನೆಯವಳು ಅದನ್ನೇ ಹಿಡಿದು ಸಂತ್ರಾಕ್ಕೆ ಬಿಡುತ್ತಾಳೆ. ಒಗ್ಗರಣೆ ಮುಖ್ಯ ಅಲ್ವಾ?

ಇನ್ನೊಂದು ಚಿಂತೆ ಕಾಕಾ ಅವರ ನಿಂಬೆ ಗಿಡ. ಬೀಜ ಇಲ್ಲದ ಜಾತಿಗಳೆಲ್ಲ ಒಂದೇ ಥರ ಅಲ್ಲ. ಜಪಾನಿನ ಸತ್ಸುಮಾದ ಪರಾಗವೇ ಕೆಲಸಕ್ಕೆ ಬಾರದ್ದು, ಬೀಜ ಕಟ್ಟೋದು ಅಪರೂಪ. ಕ್ಯಾಲಿಫೋರ್ನಿಯಾದವರು ವಿಕಿರಣ ಹಾಯಿಸಿ ಬೀಜ ಕಳೆದ ಟ್ಯಾಂಗೋ ಅಂತಲೂ ಒಂದಿದೆ. ಕ್ಲೆಮೆಂಟೈನ್ ಮಾತ್ರ ಒಂಟಿಯಾಗಿದ್ದರೆ ಬೀಜ ಬಿಡೋದಿಲ್ಲ, ಜೇನು ಹೊರಗಿನ ಪರಾಗ ತಂದರೆ ಬಿಡುತ್ತೆ. ನಮ್ಮದು ಇದರಲ್ಲಿ ಯಾವುದೋ, ಚೀಟಿ ಹೇಳೋದಿಲ್ಲ. ಜೇನ್ನೊಣಕ್ಕೆ ಕಂಪೌಂಡ್ ದಾಟಬೇಡ ಅನ್ನೋಕಾಗುತ್ತಾ?

ತೋಟದವರು ಸಂತ್ರಾ ಹೂ ಬಿಡಿಸೋಕೆ ಗಿಡವನ್ನು ಬಾಯಾರಿಸುತ್ತಾರೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಮೃಗದ ಮಳೆಗೆ ಬಿಟ್ಟರೆ ಹೂ ಒಟ್ಟಿಗೆ ಬರುತ್ತೆ. ಅದೇ ಮೃಗ ಬಹಾರ. ಚಳಿಗಾಲದ ಕೊನೆಗೆ ಬರೋದು ಅಂಬೆ ಬಹಾರ. ಕೇಳೋಕೆ ಸುಲಭ. ಮನೆಯಲ್ಲಿ ಸಾಧ್ಯವಾ? ಮೇ ತಿಂಗಳ ಕಲಬುರಗಿ, ಹೊರಗೆ ನಲವತ್ತು ದಾಟಿದ ಬಿಸಿಲು. ಗಿಡ ಎಲೆ ಮುದುರಿಕೊಂಡು ನಿಂತಿದೆ. "ನೀರ್ ಹಾಕಬ್ಯಾಡ್ರಿ" ಅಂತ ಎಲ್ಲರಿಗೂ ಹೇಳಿಟ್ಟಿರುತ್ತೇನೆ. ಮಗಳು ಬಾಟಲಿಯಲ್ಲಿ ಉಳಿದದ್ದು ಸುರಿಯುತ್ತಾಳೆ. ಅವ್ವ ಅಕ್ಕಿ ತೊಳೆದ ನೀರು ಹಾಕುತ್ತಾಳೆ. ಪಾತ್ರೆ ತಿಕ್ಕುವ ಬಾಯಿ, "ಪಾಪ, ಜೀವ ಹೊಂಟದ ಅದರದು" ಅಂತ ಒಂದು ಕೊಡ. ಕಾಕಾ ಅಂತೂ ಕಂಪೌಂಡಿನ ಆಚೆಯಿಂದಲೇ ಪೈಪು ಬಿಡುತ್ತಾರೆ. ಇಷ್ಟು ಜನ ಕನಿಕರ ಪಟ್ಟರೆ ಗಿಡ ಬಾಡೋದಾದರೂ ಯಾವಾಗ?

ಹಾಗಾಗಿ ಅದು ತನಗೆ ತಿಳಿದಾಗ ಹೂ ಬಿಡುತ್ತೆ. ಒಂದು ಟೊಂಗೆಯಲ್ಲಿ ಮೊಗ್ಗು, ಇನ್ನೊಂದರಲ್ಲಿ ಗೋಲಿಯಷ್ಟು ಕಾಯಿ, ಒಳಗೆಲ್ಲೋ ಒಂದು ಹಣ್ಣು. ರಾತ್ರಿ ತಂಪು ಸಾಲದಿದ್ದರೆ ಸಿಪ್ಪೆ ಪೂರ್ತಿ ಕೇಸರಿಗೆ ತಿರುಗೋದಿಲ್ಲ. ಹಸಿರು ಹಸಿರಾಗೇ ಹಣ್ಣಾಗುತ್ತೆ, ಅಳಿಲಿಗೆ ಮಾತ್ರ ಮೊದಲೇ ಗೊತ್ತಾಗುತ್ತೆ. ಅಳಿಲು ಬಿಟ್ಟ ಮೊದಲ ಹಣ್ಣುಗಳಲ್ಲಿ ಎರಡನ್ನು ಕಾಕಾ ಅವರಿಗೆ ಕೊಟ್ಟೆವು. ತೊಳೆ ಬಿಡಿಸಿ, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದರು. "ಬೀಜ ಇಲ್ಲ, ಖರೇನೇ ಅದ. ಹುಳಿ ಭಾಳ ಅದ." ಆಮೇಲೆ ಒಳಗೆ ಕೂಗಿ ಉಪ್ಪು, ಖಾರದ ಪುಡಿ ತರಿಸಿಕೊಂಡು ಎರಡನ್ನೂ ಅಲ್ಲೇ ನಿಂತು ಮುಗಿಸಿದರು.