ಸ್ಪಷ್ಟನೆ: ಯಹೂದಿ ಮಗುವಿಗೆ ಇಬ್ಬರು ಹಿರಿಯರ ಹೆಸರು

‘ಯಹೂದಿಗಳು ಮಗುವಿಗೆ ತೀರಿಕೊಂಡ ಒಬ್ಬರ ಹೆಸರನ್ನು ಮಾತ್ರ ಇಡಬೇಕು, ಇಬ್ಬರ ಹೆಸರು ಸೇರಿಸುವುದು ನಿಷಿದ್ಧ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಪರಿಶೀಲಿಸದೆ ನಾನೂ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೆ. ಅದು ತಪ್ಪು.

ಅಂಥ ನಿಷೇಧವಿಲ್ಲ. ಹೆಸರಿಡುವುದು ಬಹುಮಟ್ಟಿಗೆ ರೂಢಿಯ ವಿಷಯ. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿಗಳು ತೀರಿಕೊಂಡವರ ಹೆಸರಿಡುತ್ತಾರೆ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿಗಳಲ್ಲಿ ಬದುಕಿರುವ ಅಜ್ಜನ ಹೆಸರು ಮೊಮ್ಮಗನಿಗೆ ಬಂದರೆ ಅದು ಗೌರವ. ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಒಂದು ಪ್ರಸಂಗವಿದೆ. ಸುನ್ನತಿಯ ನಂತರ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ತಾಯಿ ಮೂರನೆಯ ಶಿಶುವನ್ನು ಬ್ಯಾಬಿಲೋನಿನ ಪಂಡಿತ ನಾಥಾನರ ಬಳಿಗೆ ತಂದಳು. ಮೈ ಕೆಂಪಗಿದ್ದುದನ್ನು ಕಂಡು ಅವರು ಕಾಯಲು ಹೇಳಿದರು. ಮಗು ಉಳಿಯಿತು, ಬದುಕಿದ್ದ ನಾಥಾನರ ಹೆಸರನ್ನೇ ಅದಕ್ಕೆ ಇಟ್ಟರು.

ಇಬ್ಬರನ್ನು ನೆನೆಯಬೇಕೆಂದರೆ ಜೋಡಿ ಹೆಸರು. ಅಜ್ಜಿ ಸಾರಾ, ದೊಡ್ಡಮ್ಮ ರಾಹೇಲ್ ಇಬ್ಬರೂ ತೀರಿಕೊಂಡಿದ್ದರೆ ಮಗು ‘ಸಾರಾ ರಾಹೇಲ್’ ಆಗಬಹುದು. ಹಾಗೆಂದು ಎಲ್ಲ ಜೋಡಿಯೂ ಇಬ್ಬರದ್ದಲ್ಲ: ‘ತ್ಸ್ವಿ ಹಿರ್ಷ್’ನಲ್ಲಿ ಹೀಬ್ರೂವಿನ ಜಿಂಕೆಯ ಪಕ್ಕದಲ್ಲಿ ಅಶ್ಕೆನಾಜಿಗಳ ಆಡುಮಾತು ಯಿಡ್ಡಿಷ್‌ನ ಜಿಂಕೆ ನಿಂತಿದೆ, ಅಷ್ಟೇ.

ಒಂದೇ ಹೆಸರು ಸಾಕೆನ್ನುವ ಕುಟುಂಬಗಳೂ ಇವೆ. ಅದು ಅವರ ಆಯ್ಕೆ. ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನನ್ನಿಂದ ಪಡೆದವರು ಅಳಿಸಿಬಿಡಿ.