ಮೊದಲ ಗೇಣು

ಭಾರ ಎತ್ತುವಾಗ ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ ಎಂದು ಹೇಳುವವರ ಮೇಲೆ ನನಗೆ ಇತ್ತೀಚೆಗೆ ಸಿಟ್ಟು ಬರತೊಡಗಿದೆ. ಸಲಹೆ ತಪ್ಪಲ್ಲ. ಆದರೆ ಅದನ್ನು ಮೊದಲು ಕೊಟ್ಟವರ ಕಣ್ಣ ಮುಂದೆ ಇದ್ದದ್ದು ನೆಲದ ಮೇಲಿನ ಪೆಟ್ಟಿಗೆಯೇ ಇರಬೇಕು. ತಲೆಯ ಮೇಲಿರುವುದನ್ನು ಇನ್ನೂ ಮೇಲಕ್ಕೆ ಎತ್ತಬೇಕಾದವನಿಗೆ, ಅದೂ ತಲೆ ನೆಟ್ಟಗೆ ನಿಲ್ಲಿಸಲು ಜಾಗವಿಲ್ಲದ ಕಡೆ, ಆ ಮಾತಿನಿಂದ ಏನು ಉಪಯೋಗ? ಪಾಪ್‌ಟಾಪ್ ಕ್ಯಾರವಾನ್ ಎಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ; ಓಡುವಾಗ ಅದರ ಛಾವಣಿ ತಗ್ಗಿರುತ್ತದೆ, ನಿಲ್ಲಿಸಿದ ಮೇಲೆ ಒಳಗಿನಿಂದ ಮೇಲಕ್ಕೆ ಎತ್ತಬೇಕು, ಆಗ ಸುತ್ತಲೂ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುತ್ತದೆ. ಅದರೊಳಗೆ ನಿಂತು ಛಾವಣಿಗೆ ಅಂಗೈ ಕೊಟ್ಟಾಗ ಬೆನ್ನು ಬಗ್ಗಿರುತ್ತದೆ, ಮೊಣಕಾಲೂ ಬಗ್ಗಿರುತ್ತದೆ, ಕುತ್ತಿಗೆ ಒಂದು ಪಕ್ಕಕ್ಕೆ ವಾಲಿರುತ್ತದೆ. ಜಗ್ಗದೆ ಇರುವುದು ಛಾವಣಿ ಒಂದೇ.

ಮೊನ್ನೆ ಈ ಉಪದೇಶ ಬಂದದ್ದು ಪಕ್ಕದ ಕ್ಯಾರವಾನಿನ ನಿವೃತ್ತ ಮಹಾಶಯರಿಂದ. ಮಡಚುವ ಕುರ್ಚಿಯಲ್ಲಿ ಕುಳಿತು, ನಮ್ಮ ತೆರೆದ ಬಾಗಿಲಿನ ಮೂಲಕ ನನ್ನ ಸೊಂಟದ ಕೆಳಗಿನ ಭಾಗವನ್ನು ಮಾತ್ರ ನೋಡುತ್ತಿದ್ದವರು ಅವರು. ಹಾಗಾಗಿ ಮೊಣಕಾಲಿನ ಬಗ್ಗೆ ಮಾತನಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಛಾವಣಿಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದರು. ಇಳಿಸಿ, ಮತ್ತೊಮ್ಮೆ ಎತ್ತಿದರು. ನಾನು ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ಅವರ ಛಾವಣಿಯ ಮೇಲೆ ಏನೂ ಇಲ್ಲ. ಹಕ್ಕಿಯ ಹಿಕ್ಕೆಯೂ ಇಲ್ಲ.

ನಮ್ಮದರ ಮೇಲೆ ಎಲ್ಲವೂ ಇದೆ. ಛಾವಣಿಯ ಕೆಳಗಿನ ತೋಳುಗಳನ್ನು ತಳ್ಳಿ ಎತ್ತಲು ನೆರವಾಗುವ ಸ್ಪ್ರಿಂಗನ್ನು ಕಾರ್ಖಾನೆಯವರು ಆರಿಸಿದ್ದು ಬರಿಯ ಛಾವಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರ ಮೇಲೆ ನಾವು ಸಂಸಾರ ಹೂಡಿದ್ದೇವೆ. ಸೌರಫಲಕ ಬಂತು, ಗಾಜಿನ ಫಲಕ ಎಂದರೆ 10 ಕಿಲೋ ದಾಟುವುದು ಮಾಮೂಲು. ಏರ್‌ಕಂಡೀಷನರ್ ಬಂತು, ಛಾವಣಿಗೆ ಕೂರಿಸುವಂಥವು 30 ಕಿಲೋ ಆಸುಪಾಸು ಇರುವುದು ಮಾಮೂಲು, 40 ದಾಟಿದವೂ ಇವೆ. ಟಿ.ವಿ. ಆಂಟೆನಾ ಬಂತು. ಇವೆಲ್ಲ ಮೇಲೆ ಹತ್ತುತ್ತಿದ್ದ ಕಾಲದಲ್ಲಿ ಕೆಳಗೆ ಸ್ಪ್ರಿಂಗುಗಳಿಗೆ ವಯಸ್ಸಾಗುತ್ತಿತ್ತು. ಇದು ಸಾಲದು ಎಂದು ಮಳೆ. ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲದ ಛಾವಣಿಯ ಮೇಲೆ ಐದು ಮಿಲಿಮೀಟರ್ ನೀರು ನಿಂತರೆ 40 ಲೀಟರ್, ಅಂದರೆ 40 ಕಿಲೋ. ರಾತ್ರಿ ಮಳೆ ಸುರಿದ ಮೇಲೆ ಛಾವಣಿ ಎತ್ತಹೊರಟವರು ಇನ್ನೊಂದು ಏರ್‌ಕಂಡೀಷನರನ್ನೂ ಜೊತೆಯಲ್ಲಿ ಎತ್ತುತ್ತಿರುತ್ತಾರೆ. ಮೊದಲು ಉದ್ದ ಹಿಡಿಯ ಪೊರಕೆಯಿಂದ ನೀರು ತಳ್ಳಬೇಕು. ಈ ಕೆಲಸವನ್ನು ಎರಡು ಬೆರಳಿನಲ್ಲಿ ಮಾಡಿ ತೋರಿಸುವವರು ನನಗೆ ಇನ್ನೂ ಸಿಕ್ಕಿಲ್ಲ.

ಆದರೆ ನಿಜವಾದ ಜಗಳ ಇರುವುದು ತೂಕದ ಜೊತೆಗಲ್ಲ, ಮೊದಲ ಗೇಣಿನ ಜೊತೆಗೆ. ಛಾವಣಿ ಮುಚ್ಚಿರುವಾಗ ಅದನ್ನು ಎತ್ತಿಹಿಡಿಯಬೇಕಾದ ಕತ್ತರಿಯಾಕಾರದ ತೋಳುಗಳು ಹೆಚ್ಚುಕಡಿಮೆ ಅಡ್ಡ ಮಲಗಿರುತ್ತವೆ. ಮಲಗಿದ ತೋಳಿನ ಬಲವೆಲ್ಲ ಅಕ್ಕಪಕ್ಕಕ್ಕೆ ಒತ್ತುವುದರಲ್ಲೇ ಖರ್ಚಾಗುತ್ತದೆ. ತೋಳು ಹತ್ತು ಡಿಗ್ರಿ ಏಳುವ ಹೊತ್ತಿಗೆ ಅದರುದ್ದಕ್ಕೂ ಇರುವ ನೂರು ಕಿಲೋ ಬಲದಲ್ಲಿ ಮೇಲ್ಮುಖವಾಗಿ ಸಿಗುವುದು ಹದಿನೇಳು. ನಲವತ್ತೈದು ಡಿಗ್ರಿ ಎದ್ದಾಗ ಎಪ್ಪತ್ತು. ಅಂದರೆ ನಮಗೆ ಸಹಾಯ ಬೇಕೇಬೇಕಾದಾಗ ಸ್ಪ್ರಿಂಗ್ ಮಲಗಿರುತ್ತದೆ. ಮೊದಲ ಗೇಣನ್ನು ನಾವೇ ಹೆಣಗಾಡಿ ಎತ್ತಿದ ಮೇಲೆ ಎದ್ದು ಬಂದು, ಎಲ್ಲವನ್ನೂ ತಾನೇ ಮಾಡಿದಂತೆ ಛಾವಣಿಯನ್ನು ಸರಾಗವಾಗಿ ಒಯ್ಯುತ್ತದೆ. ಕ್ಯಾರವಾನ್ ನಿಲ್ಲಿಸುವ ಜಾಗಗಳಲ್ಲಿ ಸಹಾಯಕ್ಕೆ ಧಾವಿಸಿ ಬರುವ ಮನುಷ್ಯರೂ ಇದೇ ಹೊತ್ತನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದ್ದೇನೆ.

ಇನ್ನು ಎತ್ತರದ ತಾಪತ್ರಯ. ಮೊದಲ ಗೇಣು ಕುಳ್ಳರಿಗೆ ಅನುಕೂಲ, ಏಕೆಂದರೆ ಅವರು ನೆಟ್ಟಗೆ ನಿಂತು ಒತ್ತಬಹುದು. ಕೊನೆಯ ಗೇಣು ಎತ್ತರದವರಿಗೆ, ಏಕೆಂದರೆ ಅಷ್ಟು ಹೊತ್ತಿಗೆ ಕುಳ್ಳರ ಕೈಗೆ ಛಾವಣಿ ಎಟುಕದಂತಾಗಿರುತ್ತದೆ. ಒಬ್ಬ ಕುಳ್ಳ, ಒಬ್ಬ ಉದ್ದದವರು ಮದುವೆಯಾದರೆ ಈ ಸಮಸ್ಯೆ ತಾನಾಗಿ ಬಗೆಹರಿಯಬೇಕು. ನಮ್ಮ ಮನೆಯಲ್ಲಿ ಹಾಗೆಯೇ ಆಗಿದೆ, ಆದರೆ ಸಮಸ್ಯೆ ಬಗೆಹರಿದಿಲ್ಲ. ಯಾವ ತುದಿಯನ್ನು ಮೊದಲು ಎತ್ತಬೇಕು ಎಂಬ ವಿಷಯದಲ್ಲಿ ನನ್ನ ಹೆಂಡತಿಗೂ ನನಗೂ ಒಮ್ಮತವಿಲ್ಲ. ಅವಳದು ಒಲೆಯ ಕಡೆ, ನನ್ನದು ಹಾಸಿಗೆಯ ಕಡೆ. ಇಬ್ಬರೂ ಒಟ್ಟಿಗೆ ತಂತಮ್ಮ ತುದಿ ಎತ್ತಿದರೆ ಇಬ್ಬರ ಮಾತೂ ನಡೆದಂತಾಗುತ್ತದೆ. ಅದಕ್ಕೆ ಒಟ್ಟಿಗೆ ಎಣಿಸಬೇಕು. ಎಣಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ.

ಕೈ ಮೇಲಕ್ಕೆ ಚಾಚಿ, ಮುಖ ಕೆಂಪಾಗಿ, ಏನೂ ಅಲುಗದೆ ನಿಂತಿರುವಾಗ ನನಗೆ ನೆನಪಾಗುವುದು ಭೀಮ. ಸೌಗಂಧಿಕಾ ಪುಷ್ಪ ತರಲು ಹೊರಟವನಿಗೆ ಬಾಳೆಯ ವನದ ದಾರಿಯಲ್ಲಿ ಒಂದು ಮುದಿ ಕೋತಿ ಅಡ್ಡ ಮಲಗಿರುತ್ತದಲ್ಲ, ಆ ಪ್ರಸಂಗ. ಮಕ್ಕಳಿಗೆ ಇದನ್ನು ಗರ್ವಭಂಗದ ಕಥೆ ಎಂದು ಹೇಳಿಕೊಡುತ್ತಾರೆ. ನನ್ನ ಮಟ್ಟಿಗೆ ಇದು ಎತ್ತುವ ವಿದ್ಯೆಯ ಕಥೆ. ಹನುಮಂತ ಹೇಳುವುದಾದರೂ ಏನು? ನನಗೆ ವಯಸ್ಸಾಗಿದೆ ಮಾರಾಯ, ಏಳಲಾರೆ, ಬಾಲವನ್ನು ಪಕ್ಕಕ್ಕೆ ಸರಿಸಿ ಹೋಗು. ಎಷ್ಟು ಸಭ್ಯವಾದ ಮಾತು! ಭೀಮ ನಗುತ್ತಾ ಎಡಗೈ ಹಾಕುತ್ತಾನೆ. ಎಡಗೈ ಎಂಬುದನ್ನು ಕಥೆ ಮರೆಯದೆ ಹೇಳುತ್ತದೆ. ಬಲಗೈಯಲ್ಲಿ ಗದೆ ಇದ್ದಿರಬಹುದು, ಅಥವಾ ಒಂದು ಬಾಲಕ್ಕೆ ಬಲಗೈ ದಂಡ ಎನಿಸಿರಬಹುದು. ಬಾಲ ಅಲುಗುವುದಿಲ್ಲ. ಆಮೇಲೆ ಎರಡೂ ಕೈ. ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಹೊರಳುತ್ತದೆ, ಮೈಯೆಲ್ಲ ಬೆವರು. ಬಾಲ ಇದ್ದಲ್ಲೇ ಇದೆ.

ಎಡಗೈಗೂ ಎರಡು ಕೈಗೂ ನಡುವಿನ ಆ ಒಂದು ಕ್ಷಣದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಯಾರಾದರೂ ನೋಡಿದರೇ ಎಂದು ಭೀಮ ಹಿಂದೆ ತಿರುಗಿರಲೇಬೇಕು. ಯಾರೂ ಇರಲಿಲ್ಲ. ಅಣ್ಣತಮ್ಮಂದಿರು ದೂರದಲ್ಲಿ, ದ್ರೌಪದಿ ಅವರೊಡನೆ. ಬಾಳೆಯ ಗಿಡಗಳು ಮಾತನಾಡುವುದಿಲ್ಲ. ಹತ್ತು ಸಾವಿರ ಆನೆಗಳ ಬಲದವನು ಸೋತದ್ದು ಏಕಾಂತದಲ್ಲಿ, ಅದೂ ಸ್ವಂತ ಅಣ್ಣನ ಮುಂದೆ. ಇಬ್ಬರೂ ವಾಯುಪುತ್ರರು, ವಿಷಯ ಮನೆಯೊಳಗೇ ಉಳಿಯಿತು. ಆ ವನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ನಿವೃತ್ತರು ಕುಳಿತಿದ್ದು, "ಮೊಣಕಾಲು ಬಗ್ಗಿಸಿ ನೋಡಿ, ನಮ್ಮ ಕೋತಿಯ ಬಾಲ ಎರಡೇ ಬೆರಳಿಗೆ ಏಳುತ್ತದೆ" ಎಂದಿದ್ದರೆ ಭೀಮ ಏನು ಮಾಡುತ್ತಿದ್ದ? ಕುರುಕ್ಷೇತ್ರದವರೆಗೆ ಕಾಯುತ್ತಿರಲಿಲ್ಲ ಎಂದು ನನ್ನ ಅಂದಾಜು. ಭೀಮ ಕೈಮುಗಿದು ನೀನು ಯಾರು ಎಂದು ಕೇಳುತ್ತಾನೆ, ಆಂಜನೇಯ ತನ್ನ ನಿಜರೂಪ ತೋರಿಸುತ್ತಾನೆ, ಅಪ್ಪಿಕೊಳ್ಳುತ್ತಾರೆ. ನಾನೂ ಮನಸ್ಸಿನಲ್ಲೇ ಕೈಮುಗಿದು ನೋಡಿದ್ದೇನೆ. ಛಾವಣಿ ತಾನು ಯಾರೆಂದು ಹೇಳಲಿಲ್ಲ.

ಎತ್ತಿದವರ ಕಥೆ ಇನ್ನೂ ಕಷ್ಟ. ರಾವಣ ಕೈಲಾಸವನ್ನು ನಿಜಕ್ಕೂ ಎತ್ತಿದ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಈಗಲೂ ಎತ್ತುತ್ತಲೇ ಇದ್ದಾನೆ. ಅವನ ವಿಧಾನದಲ್ಲಿ ದೋಷವಿರಲಿಲ್ಲ, ಕೈಗಳಿಗೂ ಕೊರತೆಯಿರಲಿಲ್ಲ. ತೊಂದರೆ ಬಂದದ್ದು ಇಳಿಯುವಾಗ. ಮೇಲಿನಿಂದ ಶಿವ ಹೆಬ್ಬೆರಳು ಒತ್ತಿದ, ಕೆಳಗೆ ಕೈಗಳು ಸಿಕ್ಕಿಕೊಂಡವು. ಕತ್ತರಿ ತೋಳಿನ ಹತ್ತಿರ ಬೆರಳಿಡುವವರೆಲ್ಲರೂ ನೆನಪಿಡಬೇಕಾದ ಪ್ರಸಂಗ. ರಾವಣ ಸಾಮಗಾನ ಮಾಡಿ ಬಿಡಿಸಿಕೊಂಡ. ನಮ್ಮ ನಿಮ್ಮಂಥವರ ಬಾಯಲ್ಲಿ ಆ ಹೊತ್ತಿಗೆ ಬರುವುದನ್ನು ಕೇಳಿ ಯಾವ ದೇವರೂ ಒಲಿಯುವ ಸಂಭವವಿಲ್ಲ. ಇಳಿಸುವಾಗ ಕೈ ಹಿಡಿಕೆಯ ಮೇಲೆಯೇ ಇರಬೇಕು, ಮಕ್ಕಳು ಹೊರಗಿರಬೇಕು. ಇಷ್ಟು ಮಾತ್ರ ತಮಾಷೆಯಿಲ್ಲದೆ ಹೇಳುತ್ತಿದ್ದೇನೆ.

ಎಲ್ಲಿದ್ದೆ? ಮೊದಲ ಗೇಣು. ಅದಕ್ಕೆ ಒಂದು ಕಾಸೂ ಖರ್ಚಿಲ್ಲದ ಪರಿಹಾರವನ್ನು ಕಂಡುಹಿಡಿದವಳು ನನ್ನ ಹೆಂಡತಿ.

"ಬೈಯುವುದನ್ನು ನಿಲ್ಲಿಸಿ ಆ ಕಿಟಕಿ ತೆಗೆಯಿರಿ, ಸೆಕೆ" ಎಂದಳು.

ತೆಗೆದೆ. ಛಾವಣಿ ಹಗುರಾಯಿತು. ಪೂರ್ತಿ ಅಲ್ಲ, ಆದರೆ ಗೊತ್ತಾಗುವಷ್ಟು. ಸುತ್ತಲಿನ ಕ್ಯಾನ್ವಾಸ್ ಬಿಗಿಯಾಗಿ, ಬಾಗಿಲು ಕಿಟಕಿ ಮುಚ್ಚಿದ್ದಾಗ ಛಾವಣಿ ಎತ್ತುವುದೆಂದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ತೆರೆದಂತೆ. ಒಳಗೆ ಜಾಗ ದೊಡ್ಡದಾಗುತ್ತಿದೆ, ತುಂಬಲು ಗಾಳಿ ಬರುತ್ತಿಲ್ಲ, ಹೊರಗಿನ ಗಾಳಿ ಮೇಲಿನಿಂದ ಅದುಮುತ್ತಿದೆ. ಒತ್ತಡದಲ್ಲಿ ವ್ಯತ್ಯಾಸ ಅತ್ಯಲ್ಪವೇ ಇರಬಹುದು, ಆದರೆ ಛಾವಣಿ ಎಂಟು ಚದರ ಮೀಟರ್ ಇದೆ. ಇಳಿಸುವಾಗ ಇದೇ ಮಾತು ತಿರುಗುಮುರುಗು: ಒಳಗಿನ ಗಾಳಿಗೆ ದಾರಿ ಸಿಗದಿದ್ದರೆ ಕ್ಯಾನ್ವಾಸ್ ಹೊರಗೆ ಉಬ್ಬಿ, ಛಾವಣಿಗೂ ಗೋಡೆಗೂ ನಡುವೆ ಸಿಕ್ಕಿ ಹರಿಯುತ್ತದೆ. ಅದಕ್ಕಾಗಿಯೇ ಕೆಲವರು ಕ್ಯಾನ್ವಾಸಿನ ಸುತ್ತ ಎಲಾಸ್ಟಿಕ್ ಹಗ್ಗ ಕಟ್ಟಿ ಅದನ್ನು ಒಳಕ್ಕೆ ಎಳೆದಿಡುತ್ತಾರೆ. ಇದನ್ನೆಲ್ಲ ನಾನು ಸವಿಸ್ತಾರವಾಗಿ ವಿವರಿಸಿದೆ. ಹೆಂಡತಿ ಅಷ್ಟರಲ್ಲಿ ಹೊರಗೆ ಹೋಗಿದ್ದಳು.

ಕೀಲುಗಳಿಗೆ ಎಣ್ಣೆ ಬಿಡಿ ಎನ್ನುವವರಿದ್ದಾರೆ. ಎಣ್ಣೆ ದಾರಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಒಣ ಸಿಲಿಕೋನ್ ಸ್ಪ್ರೇ ವಾಸಿ. ಮುಂದೆ ಹೋಗೋಣ.

ತಿಳಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಗ್ಯಾಸ್ ಸ್ಟ್ರಟ್ಟಿನ ಹತ್ತಿರ, ಕಾರಿನ ಡಿಕ್ಕಿಯ ಬಾಗಿಲನ್ನು ಎತ್ತಿ ಹಿಡಿಯುವ ಅದೇ ಕೊಳವೆ. ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಮೈಮೇಲೆ ನ್ಯೂಟನ್ ಲೆಕ್ಕದಲ್ಲಿ ಬರೆದ ಬಲ. 100 ನ್ಯೂಟನ್ ಎಂದರೆ ಸುಮಾರು 10 ಕಿಲೋ. ನಾಲ್ಕು ಹಾಕಿದರೆ 40 ಕಿಲೋ ಹಗುರವಾಯಿತಲ್ಲ ಎಂದು ಹಿಗ್ಗುವವರಿಗೆ ಮತ್ತೆ ಅದೇ ಕೋನ ಕಾದಿರುತ್ತದೆ. ಸ್ಟ್ರಟ್ ನೆಟ್ಟಗೆ ನಿಂತರೆ 40. ಇಪ್ಪತ್ತು ಡಿಗ್ರಿಯಲ್ಲಿ ಮಲಗಿದರೆ 14ಕ್ಕೂ ಕಡಿಮೆ. ಅಂದರೆ ಮೊದಲ ಗೇಣಿನಲ್ಲಿ ಇದೂ ಸ್ಪ್ರಿಂಗಿನ ಜಾತಿಯೇ. ಹಾಗಾದರೆ ಇನ್ನೂ ಜೋರಿನದನ್ನು ತರೋಣ ಎಂದರೆ, ಅದು ಛಾವಣಿಯನ್ನು ಎತ್ತುತ್ತದೆ, ಆದರೆ ಇಳಿಯಲು ಬಿಡುವುದಿಲ್ಲ. ಹೊರಡುವ ದಿನ ಹಿಡಿಕೆಗೆ ಜೋತುಬಿದ್ದು ಕೆಳಗೆಳೆಯಬೇಕು. ದಾರಿಯುದ್ದಕ್ಕೂ ನಾಲ್ಕು ಕೊಂಡಿಗಳು ಆ ಬಲವನ್ನು ತಡೆದುಕೊಂಡಿರಬೇಕು. ಚಳಿಯಲ್ಲಿ ಇದಕ್ಕೆ ಇನ್ನೊಂದು ಚಾಳಿ: ಅನಿಲ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಮೂವತ್ತು ಡಿಗ್ರಿಯ ಮಧ್ಯಾಹ್ನಕ್ಕೂ ಸೊನ್ನೆ ಡಿಗ್ರಿಯ ಬೆಳಗಿಗೂ ನಡುವೆ ಬಲದಲ್ಲಿ ಹತ್ತನೇ ಒಂದು ಪಾಲು ಮಾಯ. ನನ್ನ ಸೊಂಟದ ಬಲವೂ ಅದೇ ಬೆಳಿಗ್ಗೆ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ, ಹೀಗಾಗಿ ಸ್ಟ್ರಟ್ಟನ್ನು ಮಾತ್ರ ದೂರುವುದು ನ್ಯಾಯವಲ್ಲ.

ಜೋಡಿಸುವಾಗ ಕೊಳವೆಯಿಂದ ಹೊರಬರುವ ಸರಳು ಕೆಳಮುಖವಾಗಿರಬೇಕು, ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ನಾಲ್ಕು ಸ್ಟ್ರಟ್ಟುಗಳು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ, ಸರಳು ಕೆಳಮುಖವಾಗಿಯೇ ಇವೆ. ಹಾಕಲು ಛಾವಣಿಯ ಚೌಕಟ್ಟಿಗೆ ತೂತು ಕೊರೆಯಬೇಕು. ಆ ತೆಳು ಗೋಡೆಯ ಹಿಂದೆ ಗಟ್ಟಿ ಚೌಕಟ್ಟು ಎಲ್ಲಿದೆ ಎಂದು ಹೊರಗಿನಿಂದ ಬಡಿದು ನೋಡುವುದು ನನ್ನ ಸಂಜೆಯ ಕಾಲಕ್ಷೇಪ.

ವಿದ್ಯುತ್ ಮೋಟರ್ ಹಾಕಿಸಿ, ಗುಂಡಿ ಒತ್ತಿದರೆ ಸಾಕು ಎನ್ನುವವರೂ ಉಂಟು. ನಾಲ್ಕು ಮೂಲೆಗೆ ನಾಲ್ಕು ಮೋಟರ್, ನಾಲ್ಕೂ ಒಂದೇ ವೇಗದಲ್ಲಿ ಏರಬೇಕು; ಒಂದು ಹಿಂದೆ ಬಿದ್ದರೆ ಛಾವಣಿ ತಿರುಚಿಕೊಳ್ಳುತ್ತದೆ. ಎರಡು ಮೂಲೆ ಹಿಡಿದ ಇಬ್ಬರು ಮನುಷ್ಯರೇ ಒಟ್ಟಿಗೆ ಏರುವುದಿಲ್ಲ ಎಂಬುದನ್ನು ದಿನವೂ ನೋಡುವವನಿಗೆ ನಾಲ್ಕು ಮೋಟರುಗಳ ಮೇಲೆ ನಂಬಿಕೆ ಬರುವುದಾದರೂ ಹೇಗೆ?

ಹೆಂಡತಿಯ ನಿಲುವು ಬೇರೆ. ಎತ್ತುವ ಬಲ ಹೆಚ್ಚಿಸುವ ಬದಲು ಎತ್ತುವ ಭಾರವನ್ನೇ ಕಡಿಮೆ ಮಾಡಿ ಎನ್ನುತ್ತಾಳೆ. ಏರ್‌ಕಂಡೀಷನರ್ ತೆಗೆಸಿದರೆ ಒಂದೇ ಏಟಿಗೆ 30 ಕಿಲೋ ಹೋಗುತ್ತದೆ. ಹೇಗೂ ಅದರ ಸದ್ದಿಗೆ ನಿದ್ದೆ ಬರುವುದಿಲ್ಲ. ಲೆಕ್ಕ ಸರಿಯಾಗಿದೆ. ಆದರೆ ಅದನ್ನು ತೆಗೆದ ಜಾಗದಲ್ಲಿ ಒಂದು ಅಡಿಗೂ ದೊಡ್ಡದಾದ ಚೌಕ ತೂತು ಉಳಿಯುತ್ತದೆ, ಮಳೆ ಬಂದರೆ ನೇರವಾಗಿ ಹಾಸಿಗೆಗೆ, ಎಂದೆ.

"ಅಲ್ಲಿಗೊಂದು ಗಾಳಿಕಿಂಡಿ ಹಾಕಿಸಿದರಾಯಿತು, ಮುಚ್ಚಳದ್ದು" ಎಂದಳು.

ನೋಡಿಕೊಂಡು ಬಂದಿದ್ದೇನೆ. ಅದರ ಮುಚ್ಚಳವನ್ನೂ ಒಳಗೆ ನಿಂತು, ಕೈ ಚಾಚಿ, ಮೇಲಕ್ಕೆ ಎತ್ತಿಯೇ ತೆರೆಯಬೇಕು.